ಬೂದಿಗುಡ್ಡೆಯ ಸಿಂಹದಹಲ್ಲು

ಆಗಸ್ಟ್ 21, ಸೋಮವಾರ. ಸಂಜೆ

ವಸಂತ ವೀಕ್ಷಣಾ ಮಹಾಸಭೆಯ ಮಾನ್ಯ ಅಧ್ಯಕ್ಷರೇ, ವೇದಿಕೆಯನ್ನು ಅಲಂಕರಿಸಿರುವ ಗಣ್ಯರೇ, ಹಿಂದಿನ ಸಾಲಿನಲ್ಲಿ ಆಗಲೇ ತೂಕಡಿಸುತ್ತಿರುವ ಆಜೀವ ಸದಸ್ಯರೇ — ಚಿಲಿಯ ದಕ್ಷಿಣ ತುದಿಯ ವಿಯಾ ಮಾನ್ಸಾ ಶಾಖೆಯ ಏಕೈಕ ವರದಿಗಾರ ಎರಿಬೆರ್ತೊ ಯಾಂಕಪಾನ್ ಮಾಡುವ ವಂದನೆಗಳು. ಈ ಸಾಲಿನ ಮೊದಲ ವರದಿಯನ್ನು ತಮ್ಮ ಪಾದಗಳಲ್ಲಿ ಇಡುತ್ತಿದ್ದೇನೆ. ಪಾದಗಳನ್ನು ಸ್ವಲ್ಪ ಆಚೆ ಸರಿಸಿ, ನೆಲ ಒದ್ದೆಯಾಗಿದೆ.

ವರದಿ: ವಸಂತ ಬಂದಿಲ್ಲ.

ಭೂಮಿಯ ಈ ತುದಿಯಲ್ಲಿ ಆಗಸ್ಟ್ ಎಂದರೆ ಚಳಿಗಾಲದ ಕೊನೆ. ಬಟ್ಟೆ ತೊಳೆಯುವ ತೊಟ್ಟಿಯ ಮೇಲೆ ಮಂಜುಗಡ್ಡೆ. ಲಟ್ಟಣಿಗೆಯಿಂದ ಒಡೆಯಲು ಹೋದೆ. ಒಡೆಯಿತು — ಲಟ್ಟಣಿಗೆ. ಸೌದೆ ರಾಶಿ ಕಿಟಕಿಯ ಕೆಳಗಂಚಿಗೆ ಇಳಿದಿದೆ. ರಾಶಿ ಮೊಣಕಾಲಿಗೆ ಬಂದಾಗ ವಸಂತ ಬರಬೇಕು ಎಂಬುದು ಒಪ್ಪಂದ. ರಾಶಿ ತನ್ನ ಮಾತು ಉಳಿಸಿಕೊಳ್ಳುತ್ತದೆ. ವಸಂತದ ಬಗ್ಗೆ ಭರವಸೆ ಇಲ್ಲ.

ಮಧ್ಯಾಹ್ನ ಒಂದಕ್ಕೆ ಎಂದಿನಂತೆ ರೇಡಿಯೋದಲ್ಲಿ ಸಂದೇಶ ಓದಿದೆ. ಮೇಲಣ ಕಣಿವೆಯಲ್ಲಿ ಫೋನಿಲ್ಲ. ಅಲ್ಲಿಯವರೆಲ್ಲ ಆ ಹೊತ್ತಿಗೆ ಬ್ಯಾಟರಿ ರೇಡಿಯೋ ಮುಂದೆ ಕೂತಿರುತ್ತಾರೆ, ತಮಗೆ ಬಂದ ಸಂದೇಶಕ್ಕಿಂತ ಪಕ್ಕದ ಮನೆಯವರಿಗೆ ಬಂದದ್ದನ್ನು ಕೇಳಲು. ಇವತ್ತಿನದು: "ರೊಸಾಮೆಲ್‌ಗೆ. ಗುರುವಾರ ಸೇತುವೆ ಹತ್ತಿರ ಕುದುರೆ ತಂದು ನಿಲ್ಲು. ನನ್ನ ಅಮ್ಮ ಬರ್ತಿದ್ದಾಳೆ. ಗಟ್ಟಿ ಕುದುರೆ ತಾ." ನಮ್ಮಲ್ಲಿ ಒಂದೇ ಕಾನೂನು: ಬಂದ ಸಂದೇಶವನ್ನು ಬಂದ ಹಾಗೇ ಓದಬೇಕು. ಒಂದು ಮಾತು ಬಿಡುವಂತಿಲ್ಲ, ಸೇರಿಸುವಂತಿಲ್ಲ, ನಗುವಂತಿಲ್ಲ. ಹವಾಮಾನಕ್ಕೆ ಮಾತ್ರ ಆ ಕಾನೂನು ಅನ್ವಯಿಸುವುದಿಲ್ಲ. ಅದಕ್ಕೆ ನಾನು ಪ್ರಾಸ ಹೊಂದಿಸುತ್ತೇನೆ.

ಗಾಳಿ ತೆಂಕಣದ್ದು, ಮಳೆ ಪಡುವಣದ್ದು;
ಕಾಲುಚೀಲ ಒಣಗದ್ದು, ಗೊಣಗಾಟ ಎಲ್ಲರದ್ದು.

ಸಭೆ ಚಪ್ಪಾಳೆ ತಟ್ಟಿತೆಂದು ಭಾವಿಸುತ್ತೇನೆ.

ಆಗಸ್ಟ್ 24

ಮೇಲಿನಿಂದ ಇಳಿದ ಸವಾರನೊಬ್ಬ ಬಾಯಿಮಾತಿನ ಸಂದೇಶ ತಂದ. ಕುದುರೆಯಿಂದ ಇಳಿಯದೆ, ಕಣ್ಣು ಮುಚ್ಚಿಕೊಂಡು ಒಪ್ಪಿಸಿದ. ಕಳಿಸಿದವರು ನೋಲ್ಫಾ ಕಿಂಚೆಲ್ — ಮೇಲಣ ಕಣಿವೆಯ ಜೇನಿನ ನೋಲ್ಫಾ. ಈ ಊರಿನಲ್ಲಿ ಯಾರು ಬ್ರೆಡ್ಡಿಗೆ ಜೇನು ಸವರಿದರೂ ಅದು ಅವರ ಗೂಡಿನದೇ. ಗಂಡ ತೀರಿಕೊಂಡ ಮೇಲೆ ಒಬ್ಬರೇ ನಡೆಸುತ್ತಿದ್ದಾರೆ.

"ರೇಡಿಯೋದವರಿಗೆ. ಗೂಡು ಎತ್ತಿ ನೋಡಿದೆ, ಹಗುರ ಆಗಿವೆ. ಇಲ್ಲಿ ಹೂ ಬರೋವರೆಗೆ ತಡೆಯಲ್ಲ. ಕೆಳಗೆ ಸಿಂಹದಹಲ್ಲು ಅರಳಿದ ದಿನ ಹೇಳಿ, ಗಾಡಿ ಕಟ್ಟಿ ಇಳಿಸ್ತೀನಿ. ಅರಳದಿದ್ರೆ ಅರಳಿಲ್ಲ ಅಂತ ದಿನಾ ಹೇಳಿ. ಪ್ರಾಸ ಬೇಡ."

ಶಾಸ್ತ್ರದವರು ಡ್ಯಾಂಡಿಲಿಯನ್ ಎನ್ನಲಿ, ನಮಗದು ಸಿಂಹದಹಲ್ಲು. ಗರಗಸದಂಥ ಎಲೆ, ನೆಲಕ್ಕೆ ಅಂಟಿದ ಹಳದಿ ಗುಂಡಿ. ಬೇರೆ ಹೂಗಳು ಏಳುವ ಮೊದಲೇ ಎದ್ದು ಕೂರುವ ಹೂವು. ಚಳಿಗಾಲದಲ್ಲಿ ಗೂಡಿನ ಜೇನು ತಿಂದು ಮುಗಿಸಿದ ಹುಳುಗಳಿಗೆ ಮೊದಲ ಊಟ. ಕೆಳಗೆ ನಮ್ಮಲ್ಲಿ ಮೊದಲು ಅರಳುತ್ತದೆ, ಮೇಲೆ ಬಹಳ ತಡವಾಗಿ. ತಡವಾದರೆ ಗೂಡು ಖಾಲಿ.

ಒಂದು ಗಂಟೆಗೆ ಓದಿದೆ: "ಮೇಲಣ ಕಣಿವೆಯ ನೋಲ್ಫಾ ಅವರಿಗೆ. ಸಿಂಹದಹಲ್ಲು: ಇನ್ನೂ ಇಲ್ಲ."

ಪ್ರಾಸವಿಲ್ಲದೆ ಓದಿ ನಾಲಿಗೆಗೆ ಉಪ್ಪಿಲ್ಲದ ಸಾರು ಕುಡಿದಂತಾಯಿತು.

ಆಗಸ್ಟ್ 30

ಇನ್ನೂ ಇಲ್ಲ.

ಉತ್ತರದಿಂದ ತಂಗಿ ಎದೆಲ್ಮಿರಾ ಫೋನ್ ಮಾಡಿದ್ದಳು. ಮದುವೆಯಾಗಿ ಮರುಭೂಮಿಯ ಊರಿಗೆ ಹೋಗಿ ಮೂರು ಚಳಿಗಾಲವಾಯಿತು. ಅಲ್ಲಿ ಚಳಿಗಾಲವೇ ಇಲ್ಲವಂತೆ, ಆದರೂ ಲೆಕ್ಕ ನಾನು ಹಾಗೇ ಇಡುವುದು.

"ವಸಂತ ಬಂತಾ ಅಲ್ಲಿ?" ಕೇಳಿದೆ.

"ಇಲ್ಲಿ ವಸಂತ ಅಂದ್ರೆ ಸಮುದ್ರದ ಕಡೆಯಿಂದ ಮಂಜು ಬರೋದು ಕಣೋ ಅಣ್ಣ. ಆಮೇಲೆ ಧೂಳು."

"ಸಿಂಹದಹಲ್ಲು?"

"ಅದಾ? ಪಾರ್ಕಿನಲ್ಲಿ ನಲ್ಲಿ ಸೋರೋ ಜಾಗದಲ್ಲಿ ವರ್ಷಪೂರ್ತಿ ಇದೆ. ಅದಕ್ಕೆ ಋತು ಗಿತು ಏನೂ ಗೊತ್ತಿಲ್ಲ. ನೀರು ಸೋರಿದ್ರೆ ಸಾಕು."

ಋತು ಗೊತ್ತಿಲ್ಲದ ಸಿಂಹದಹಲ್ಲು! ಮಹಾಸಭೆ ಇದನ್ನು ಖಂಡಿಸಬೇಕು.

"ಅಣ್ಣ, ಊಟ ಸರಿಯಾಗಿ ಮಾಡ್ತಿದೀಯಾ? ಯಾರ ಜೊತೆಗಾದ್ರೂ ಮಾತಾಡ್ತೀಯಾ?"

"ದಿನಾ ಇಡೀ ಕಣಿವೆ ಜೊತೆ ಮಾತಾಡ್ತೀನಲ್ಲ."

"ಅದು ಓದೋದು. ಮಾತಾಡೋದಲ್ಲ."

ಸಿಗ್ನಲ್ ಹೋಯಿತು. ಹೋಗಬೇಕಾದ ಹೊತ್ತಿಗೇ ಹೋಯಿತು.

ಸೆಪ್ಟೆಂಬರ್ 6

ಬಾಗುಕೊಕ್ಕಿನ ಬಂದುರ್ರಿಯಾ ಹಕ್ಕಿಗಳು ಬಂದವು. ತಗಡು ಬಡಿದಂಥ ಕೂಗು. ಮೊದಲ ಲಕ್ಷಣವೆಂದು ದಾಖಲಿಸಿಕೊಳ್ಳಿ. ನದಿಯಂಚಿನ ವಿಲೋ ಮರಗಳಲ್ಲಿ ಬೆಕ್ಕಿನ ಬೆರಳಿನಂಥ ಮೊಗ್ಗು. ಎರಡನೇ ಲಕ್ಷಣ. ನನ್ನ ಮೂಗು ಸೋರುತ್ತಿದೆ. ಇದನ್ನು ಲಕ್ಷಣಗಳಲ್ಲಿ ಸೇರಿಸಬೇಕೋ ಬೇಡವೋ ಸಭೆ ತೀರ್ಮಾನಿಸಲಿ.

ಊರಿಗೆ ಸಾಮಾನು ಸಾಗಿಸುವ ಬೆಲಾರ್ಮಿನೊ ಬೇಕರಿ ಮುಂದೆ ಲಾರಿ ತಂದ. ಸಕ್ಕರೆ, ಹಿಟ್ಟು, ಈರುಳ್ಳಿ, ಜೊತೆಗೆ ಸುಳ್ಳು. ಉತ್ತರದಿಂದ ಇಲ್ಲಿಗೆ ಬರುವ ದಾರಿಯಲ್ಲಿ ವಸಂತ ಎಲ್ಲಿಗೆ ಬಂದಿದೆ ಎಂದು ಪ್ರತಿ ಬಾರಿಯೂ ಹೇಳುತ್ತಾನೆ, ತನ್ನ ಲಾರಿಯಲ್ಲೇ ಕೂರಿಸಿಕೊಂಡು ಬಂದವನ ಹಾಗೆ.

"ಕುರಿಕೊದಲ್ಲಿ ಆಗ್ಲೇ ಹೂ ಮುಗ್ದು ಬಿಳೀ ಗಡ್ಡ ಬಿಟ್ಟಿದೆ ಮಾರಾಯ. ತೆಮುಕೊದಲ್ಲಿ ರಸ್ತೆ ಎರಡೂ ಕಡೆ ಹಳದಿ. ಪುಯೆರ್ತೊ ಮೊಂತ್‌ನಲ್ಲಿ ಮೊಗ್ಗು."

"ಅಲ್ಲಿಂದ ಇಲ್ಲಿಗೆ?"

"ಫೆರಿಗೆ ಕ್ಯೂ ನಿಂತಿದೆ. ಟಿಕೆಟ್ ಸಿಕ್ಕಿಲ್ಲ." ಸೋರೆ ಬುರುಡೆಯಲ್ಲಿದ್ದ ಮಾಟೆ ಎಲೆಯ ಕಷಾಯವನ್ನು ಕೊಳವೆಯಿಂದ ಸೊರ್ರೆಂದು ಎಳೆದ. "ನೀನ್ಯಾಕೆ ಇಷ್ಟು ಅರ್ಜೆಂಟಲ್ಲಿದ್ದೀಯಾ? ಓಹೋ... ಮೇಲಣ ಕಣಿವೆಯ ನೋಲ್ಫಾ ಅವರಿಗೆ, ಇನ್ನೂ ಇಲ್ಲ!"

ನನ್ನ ದನಿಯನ್ನೇ ಅಣಕಿಸಿದ. ಬೇಕರಿಯಲ್ಲಿದ್ದವರೆಲ್ಲ ನಕ್ಕರು. ಬೇಕರಿಯ ಊಬೆರ್ಲಿಂದಾ ಅತ್ತೆ ಹಿಟ್ಟಿನ ಕೈಯಲ್ಲೇ ಕಣ್ಣೊರೆಸಿಕೊಂಡರು. ಊರಿಗೆಲ್ಲ ಅತ್ತೆ, ನೋಲ್ಫಾಗೆ ಮಾತ್ರ ನಿಜವಾದ ಅತ್ತೆ, ತಂದೆಯ ಅಕ್ಕ. ಊರಲ್ಲಿ ಈಗ ಇದೇ ಮಾತಾಗಿಬಿಟ್ಟಿದೆ. ಬ್ರೆಡ್ ಆಯ್ತಾ ಅಂದರೆ "ಇನ್ನೂ ಇಲ್ಲ." ಹಸು ಕರು ಹಾಕಿತಾ ಅಂದರೆ "ಇನ್ನೂ ಇಲ್ಲ." ಪಾದ್ರಿ ಪ್ರಾರ್ಥನೆ ಮುಗಿಸಿದರಾ ಅಂದರೂ.

ಸೆಪ್ಟೆಂಬರ್ 18

ರಾಷ್ಟ್ರೀಯ ಹಬ್ಬ. ಕರಿದ ಎಂಪನಾದ ಕಡುಬು ತಿಂದೆ, ಒಳಗಿನ ಈರುಳ್ಳಿ ಖೀಮಾ ಬಿಸಿಗೆ ನಾಲಿಗೆ ಸುಟ್ಟಿತು. ಬಾವುಟ ಹಿಮದಲ್ಲಿ ನೆನೆದು ಕಂಬಕ್ಕೇ ಅಂಟಿಕೊಂಡಿತು. ಕರವಸ್ತ್ರ ಬೀಸಿ ಕುಣಿಯುವವರು ಕೈಗವಸು ಹಾಕಿಕೊಂಡೇ ಕುಣಿದರು. ಹಬ್ಬದ ದಿನವೂ ಸಂದೇಶ ಓದಬೇಕು. ಇನ್ನೂ ಇಲ್ಲ.

ಮತ್ತೊಬ್ಬ ಸವಾರನ ಬಾಯಲ್ಲಿ ನೋಲ್ಫಾ ಉತ್ತರ: "ಒಂದು ಕೈಯಲ್ಲಿ ಎತ್ತಬಹುದು ಈಗ ಗೂಡನ್ನ. ಹಬ್ಬದ ಶುಭಾಶಯ."

ರಾತ್ರಿ ನಿದ್ದೆ ಬರಲಿಲ್ಲ. ಎಂಪನಾದ ಇರಬೇಕು.

ಸೆಪ್ಟೆಂಬರ್ 26, ಮಂಗಳವಾರ. ಹನ್ನೆರಡೂವರೆ

ಕಂಡೆ!!

ಮಾನ್ಯರೇ, ಎದ್ದು ನಿಲ್ಲಿ. ಹಿಂದಿನ ಸಾಲಿನವರನ್ನೂ ಎಬ್ಬಿಸಿ. ರೇಡಿಯೋ ಕೋಣೆಯ ಹಿಂದೆ ಬೂದಿ ಚೆಲ್ಲಲು ಹೋದವನು ಕಂಡೆ — ಒಂದು. ಪೂರ್ತಿ ಅರಳಿದ್ದು. ಹಿಮದ ನಡುವೆ ಮೊಟ್ಟೆಯ ಹಳದಿ ಒಡೆದು ಬಿದ್ದಂತೆ. ನಿಯಮ ಗೊತ್ತಿದೆ: ಗೋಡೆಯ ಪಕ್ಕದ್ದು ಲೆಕ್ಕಕ್ಕಿಲ್ಲ, ಬಯಲಿನದೇ ಲೆಕ್ಕ. ಗೋಡೆಯಿಂದ ದೂರ ಇದೆ. ನಾನೇ ಹೆಜ್ಜೆ ಹಾಕಿ ನೋಡಿದೆ. ದೊಡ್ಡ ಹೆಜ್ಜೆ ಅಲ್ಲ, ಪ್ರಾಮಾಣಿಕ ಹೆಜ್ಜೆ.

ಬೂದಿಯ ಮಗ್ಗುಲಲ್ಲಿ ಬಂಗಾರ ಕಂಡೆ,
ಚಳಿರಾಯ, ಕಟ್ಟಿನ್ನು ನಿನ್ನ ಗಂಟುಮೂಟೆ!

ಕಂಡೆ–ಮೂಟೆ ಪ್ರಾಸವಲ್ಲ. ಇರಲಿ. ಮೈಕಿಗೆ ಹೋಗಬೇಕು.

ಅದೇ ದಿನ, ಸಂಜೆ

ಓದಿದೆ: "ಮೇಲಣ ಕಣಿವೆಯ ನೋಲ್ಫಾ ಅವರಿಗೆ. ಸಿಂಹದಹಲ್ಲು: ಅರಳಿದೆ."

ಪದ್ಧತಿಯ ಪ್ರಕಾರ ಊರೆಲ್ಲ ಊಟದ ಹೊತ್ತಿಗೆ ಬಾಗಿಲು ತೆರೆದಿಟ್ಟರು, ವಸಂತ ಒಳಗೆ ಬರಲೆಂದು. ಬಂದದ್ದು ತೆಂಕಣಗಾಳಿ. ಎಲ್ಲರ ಸಾರೂ ಆರಿತು. ಯಾರೂ ಬಾಗಿಲು ಹಾಕಲಿಲ್ಲ. ನಾನೂ ತೆರೆದಿಟ್ಟು ಕೂತೆ. ಬಾಗಿಲ ಪಕ್ಕದ ಒಂದೇ ಮೊಳೆಯಲ್ಲಿ ನನ್ನ ಕಂಬಳಿಯಂಥ ಪೋಂಚೋ ಗಾಳಿಗೆ ಹಾರಾಡುತ್ತಿತ್ತು, ಯಾರೋ ತೊಟ್ಟುಕೊಂಡಂತೆ.

ಸೆಪ್ಟೆಂಬರ್ 29

ಬೆಳಗಿನ ಜಾವ ಗೂಡುಗಳ ಬಾಯಿ ಮುಚ್ಚಿ, ಎತ್ತಿನ ಗಾಡಿಗೆ ಬಿಗಿದು, ನೋಲ್ಫಾ ಮಧ್ಯಾಹ್ನಕ್ಕೆ ಇಳಿದರು. ಏಳು ಪೆಟ್ಟಿಗೆ. ಪೆಟ್ಟಿಗೆಗಳ ಅಡಿಗೆ ಹುಲ್ಲು ಹಾಸಿದ್ದರು, ಕುಲುಕಬಾರದೆಂದು. ಎತ್ತುಗಳಿಗಿಂತ ಮೆಲ್ಲಗೆ ಅವರೇ ನಡೆದು ಬಂದಿದ್ದರು. ದನಿ ಸವಾರರ ಬಾಯಲ್ಲಿ ಮಾತ್ರ ಕೇಳಿದ್ದೆ ಇಷ್ಟು ದಿನ. ಅದಕ್ಕಿಂತ ಗಟ್ಟಿ ಇದೆ.

"ಎಲ್ಲಿ ರೀ ರೇಡಿಯೋದವರೇ, ನಿಮ್ಮ ಹೂವು?"

ಹಿಂದೆ ಕರೆದುಕೊಂಡು ಹೋಗಿ ತೋರಿಸಿದೆ. ಈಗ ಮೂರು ಅರಳಿವೆ. ಹೆಮ್ಮೆಯಿಂದ ಕೈ ಚಾಚಿದೆ.

ಬಗ್ಗಲಿಲ್ಲ, ಕೂತೇ ಬಿಟ್ಟರು. ಕೈಗವಸು ಬಿಚ್ಚಿ ಅಂಗೈಯನ್ನು ಮಣ್ಣಿನ ಮೇಲೆ ಇಟ್ಟರು. ಆಮೇಲೆ ಬೂದಿಗುಡ್ಡೆಯ ಕಡೆ ನೋಡಿದರು. ಬೇಕರಿಯ ಹಿಂಬಾಗಿಲ ಕಡೆ ನೋಡಿದರು. ಊಬೆರ್ಲಿಂದಾ ಅತ್ತೆ ಅಷ್ಟೊತ್ತಿಗೆ ಸರಿಯಾಗಿ ಒಂದು ಬಕೆಟ್ ಬಿಸಿ ಬೂದಿ ತಂದು ಸುರಿದರು.

"ಇದು ವಸಂತ ಅಲ್ಲ ರೀ," ಎಂದರು ನೋಲ್ಫಾ. "ಇದು ನಮ್ಮತ್ತೆ ಒಲೆ."

ಚಳಿಗಾಲವೆಲ್ಲ ಅತ್ತೆ ದಿನಾ ಅಲ್ಲೇ ಬೂದಿ ಸುರಿದಿದ್ದಾರೆ. ನಾನೂ ಸುರಿದಿದ್ದೇನೆ. ನೆಲ ಬೆಚ್ಚಗಾಗಿ, ಹೂವು ಮೋಸಹೋಗಿ, ನಾನು ಹೂವಿನಿಂದ ಮೋಸಹೋಗಿ... ಗೋಡೆಯಿಂದ ದೂರ ಇರಬೇಕೆಂದು ನಿಯಮ ಹೇಳುತ್ತದೆ. ಬೂದಿಯ ಬಗ್ಗೆ ನಿಯಮ ಏನೂ ಹೇಳುವುದಿಲ್ಲ — ಎಂದು ವಾದಿಸಿದೆ. ಹೇಳಿದೆ ನಿಜವಾಗಿ, ಅವರ ಮುಖಕ್ಕೆ.

"ನಿಯಮ ಓದೋಕೆ ಬರುತ್ತಾ ನನ್ನ ಹುಳುಗಳಿಗೆ?"

"ನಾನು... ಕ್ಷಮಿಸಿ."

"ಕ್ಷಮೆ ಆಮೇಲೆ. ಬಿಸಿಲು ಬೀಳೋ ಜಾಗ ಎಲ್ಲಿದೆ? ಎತ್ತುಗಳು ಇವತ್ತು ವಾಪಸ್ ಹತ್ತಲ್ಲ."

ಇಲ್ಲಿ ಸೂರ್ಯ ಬಡಗಣದಲ್ಲೇ ಸರಿಯುವುದು; ಆ ಬಡಗಣ ಬಿಸಿಲು ಬೀಳುವ ಅಂಗಳ ಊರಲ್ಲಿ ನನ್ನದೊಂದೇ. ಪೆಟ್ಟಿಗೆಗಳನ್ನು ಸೌದೆಮನೆಯ ಗೋಡೆಗೆ ಒರಗಿಸಿ ಇಟ್ಟೆವು. ಒಂದನ್ನು ನಾನು ಎತ್ತಿದೆ. ನಿಜ, ಒಂದು ಕೈ ಸಾಕು. ಆ ಹಗುರ ನನ್ನ ಕೈಯಿಂದ ಇನ್ನೂ ಹೋಗಿಲ್ಲ.

ನೋಲ್ಫಾ ಅತ್ತೆಯ ಮನೆಯಲ್ಲಿ ಉಳಿದಿದ್ದಾರೆ.

ಅಕ್ಟೋಬರ್ 2

ಹಿಮ. ನಿನ್ನೆ ಸಂಜೆ ಶುರುವಾದದ್ದು ನಿಲ್ಲುತ್ತಿಲ್ಲ. ಮೇಲಿನ ದಾರಿ ಮುಚ್ಚಿತು, ಕೆಳಗಿನದೂ ಮುಚ್ಚಿತು. ಸರಕು ತರಲು ಖಾಲಿ ಹೊರಟಿದ್ದ ಬೆಲಾರ್ಮಿನೊನ ಲಾರಿ ಊರ ಹೊರಗೆ ಹಳ್ಳಕ್ಕೆ ಜಾರಿ ವಾಲಿ ನಿಂತಿದೆ. ಅಂಗಡಿಯಲ್ಲಿ ಸಕ್ಕರೆ ಇಲ್ಲ. ಇದ್ದಿದ್ದರೆ ಹುಳುಗಳಿಗೆ ಪಾಕ ಕಾಯಿಸಿ ಕೊಡಬಹುದಿತ್ತಂತೆ.

ಗೂಡಿನ ಬಾಯಲ್ಲಿ ಸತ್ತ ಹುಳುಗಳು. ಹಿಮದ ಮೇಲೆ ಸಾಸಿವೆ ಚೆಲ್ಲಿದ ಹಾಗೆ.

ನೋಲ್ಫಾ ಪ್ರತಿ ಪೆಟ್ಟಿಗೆಗೂ ಕಿವಿ ಹಚ್ಚುತ್ತಾರೆ. ನನ್ನನ್ನೂ ಹಚ್ಚಲು ಹೇಳಿದರು. ಮೊದಲ ಆರರಲ್ಲಿ ದೂರದ ಗಿರಣಿಯಂಥ ಸದ್ದು. ಏಳನೆಯದರಲ್ಲಿ ಏನೂ ಇಲ್ಲ.

"ಬೈಯಿರಿ ನನ್ನನ್ನ," ಎಂದೆ.

"ಬೈದ್ರೆ ಹೊಟ್ಟೆ ತುಂಬುತ್ತಾ ಇವುಕ್ಕೆ?" ಹಿಮ ಕೊಡವಿಕೊಂಡರು. "ಜೇನು ಬೇಕು. ಸಿಕ್ಕಿದ ಜೇನಲ್ಲ. ಎಲ್ಲಿಂದಲೋ ಬಂದದ್ದು ಕೊಟ್ರೆ ರೋಗ ಹತ್ತುತ್ತೆ. ನಮ್ಮ ಗೂಡಿಂದೇ ಆಗ್ಬೇಕು. ನಮ್ಮ ಗೂಡಿಂದು ಎಲ್ಲಿದೆ? ಬೇಸಿಗೆಯಲ್ಲೇ ಊರಿಗೆಲ್ಲ ಕೊಟ್ಟು ಮುಗಿಸಿದೆ."

ಊರಿಗೆಲ್ಲ ಕೊಟ್ಟು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು.

ಒಂದು ಗಂಟೆಗೆ ಓದಿದೆ. ಇಷ್ಟು ವರ್ಷದಲ್ಲಿ ನನ್ನ ಹೆಸರಿನ ಮೊದಲ ಸಂದೇಶ. ಪ್ರಾಸ ಹುಡುಕಲಿಲ್ಲ.

"ವಿಯಾ ಮಾನ್ಸಾದ ಎಲ್ಲರಿಗೆ. ಕಳಿಸಿದವನು ಸಂದೇಶ ಓದುವವನು. ಬೂದಿಗುಡ್ಡೆಯ ಹೂ ನೋಡಿ ವಸಂತ ಎಂದೆ. ನನ್ನ ಮಾತು ನಂಬಿ ನೋಲ್ಫಾ ಅವರು ಗೂಡು ಇಳಿಸಿದರು. ಹುಳುಗಳು ಹಸಿದು ಸಾಯುತ್ತಿವೆ. ಅವರು ಕೊಟ್ಟ ಜೇನು ಯಾರ ಮನೆಯಲ್ಲಿ ಎಷ್ಟೇ ಉಳಿದಿದ್ದರೂ ನನ್ನ ಮನೆಗೆ ತನ್ನಿ. ಅಂಗಡಿ ಜೇನು ಬೇಡ."

ಅಕ್ಟೋಬರ್ 3

ಬಾಗಿಲು ಮುಚ್ಚಲು ಬಿಡಲಿಲ್ಲ ಜನ. ಅಡುಗೆಮನೆ ಪೂರ್ತಿ ಬಾಟಲಿ. ಅರ್ಧ, ಕಾಲು, ತಳದ ಅಂಟು. ಬ್ರೆಡ್ಡಿನ ಚೂರು ಮುಳುಗಿದ್ದು. ಚಮಚ ಮುರಿದು ಒಳಗೇ ಉಳಿದದ್ದು. ಮಗಳ ಮದುವೆಗೆಂದು ರಿಬ್ಬನ್ ಕಟ್ಟಿ ಇಟ್ಟಿದ್ದನ್ನೂ ಒಬ್ಬಾಕೆ ತಂದಳು. ರಿಬ್ಬನ್ ಬಿಚ್ಚಿಕೊಂಡು ಕೊಟ್ಟಳು.

ನೋಲ್ಫಾ ಒಂದೊಂದನ್ನೂ ಮೂಸಿ ನೋಡಿ ಒಲೆಯ ಪಕ್ಕ ಸಾಲಾಗಿ ಇಟ್ಟರು. ಕೆಮ್ಮಿಗೆ ಈರುಳ್ಳಿ ಬೆರೆಸಿದ್ದನ್ನು ವಾಪಸ್ ಕೊಟ್ಟರು.

"ಇದನ್ನ ತಿಂದ್ರೆ ನನ್ನ ಹುಳುಗಳು ಅಳ್ತಾವೆ ಕಣಮ್ಮ, ನೀವೇ ಇಟ್ಕೊಳ್ಳಿ."

ಕೊನೆಗೆ ಬೆಲಾರ್ಮಿನೊ ಬಂದ, ಮಂಡಿಯವರೆಗೆ ಹಿಮ. ಪೋಂಚೋದ ಒಳಗಿಂದ ಪೂರ್ತಿ ತುಂಬಿದ, ಮುಚ್ಚಳ ತೆಗೆಯದ ಬಾಟಲಿ ತೆಗೆದ.

"ಹೋದ ವರ್ಷ ಒಡೆದುಹೋಯ್ತು ಅಂತ ಅತ್ತುಬಿಟ್ಟು ಇನ್ನೊಂದು ಇಸ್ಕೊಂಡಿದ್ಯಲ್ಲಪ್ಪಾ, ಅದೇ ಅಲ್ವಾ ಇದು?" ಎಂದರು ಊಬೆರ್ಲಿಂದಾ ಅತ್ತೆ.

"ಒಡೆದಿತ್ತು ಅತ್ತೆ. ಆಮೇಲೆ ಸರಿಹೋಯ್ತು."

ಇಡೀ ಅಡುಗೆಮನೆ ನಕ್ಕಿತು. ನೋಲ್ಫಾ ನಕ್ಕದ್ದು ಮೊದಲ ಸಲ ಕಂಡೆ. ಮುಂದಿನ ಒಂದು ಹಲ್ಲಿನ ಅಂಚು ಮುರಿದಿದೆ. ಸಭೆಗೆ ಇದು ಸಂಬಂಧಿಸಿದ ವಿಷಯವಲ್ಲ. ದಾಖಲಾಗಿದೆ.

ಜೇನನ್ನು ಬೆಚ್ಚಗೆ ಮಾಡಿ, ಚಪ್ಪಟೆ ಬಟ್ಟಲಿಗೆ ಸುರಿದು, ಹುಳುಗಳು ಮುಳುಗದಂತೆ ಹುಲ್ಲುಕಡ್ಡಿ ಹಾಕಿ, ಪೆಟ್ಟಿಗೆಯ ಮುಚ್ಚಳದಡಿ ಇಟ್ಟೆವು. ಅವರು ಮುಚ್ಚಳ ಎತ್ತಬೇಕು, ನಾನು ಕಣ್ಣು ಮಿಟುಕಿಸುವುದರೊಳಗೆ ಬಟ್ಟಲು ಇಡಬೇಕು. ಒಳಗಿನ ಬಿಸಿ ಹೋಗಬಾರದು. ಮೊದಲ ಪೆಟ್ಟಿಗೆಗೆ ನಾನು ತಡ ಮಾಡಿದೆ. ಬೈದರು. ಆರನೆಯದಕ್ಕೆ ಬೈಯಲಿಲ್ಲ.

ಅಕ್ಟೋಬರ್ 5

ಹಿಮ ನಿಂತಿತು. ಆರು ಗಿರಣಿಗಳೂ ನಡೆಯುತ್ತಿವೆ. ಏಳನೆಯ ಪೆಟ್ಟಿಗೆಯನ್ನು ನೋಲ್ಫಾ ಖಾಲಿ ಮಾಡಿ, ತೊಳೆದು, ಬಿಸಿಲಿಗೆ ಬೋರಲು ಹಾಕಿದರು. ಆ ಕೆಲಸಕ್ಕೆ ನನ್ನನ್ನು ಕರೆಯಲಿಲ್ಲ. ನಾನು ಕೇಳಲೂ ಇಲ್ಲ. ಸೌದೆ ಒಡೆದೆ. ಬೇಕಾದದ್ದಕ್ಕಿಂತ ಜಾಸ್ತಿ ಒಡೆದೆ.

ಅಕ್ಟೋಬರ್ 14

ಒಂಬತ್ತು ದಿನ ಬರೆದಿಲ್ಲ. ಪುರುಸೊತ್ತಿಲ್ಲ. ಬೆಳಿಗ್ಗೆ ಬಟ್ಟಲು ಬದಲಿಸಬೇಕು, ಮಧ್ಯಾಹ್ನ ರೇಡಿಯೋ, ಸಂಜೆ ಮತ್ತೆ ಬಟ್ಟಲು. ನಡುವೆ ಮಾಟೆ. ನೋಲ್ಫಾಗೆ ಸಕ್ಕರೆ ಹಾಕಿದ ಮಾಟೆ ಕಂಡರೆ ಆಗದು. ನಾನು ಹಾಕುತ್ತಿದ್ದೆ. ಈಗ ಇಲ್ಲ. ಕಹಿಯೂ ರೂಢಿಯಾಗುತ್ತದೆ.

ದಾರಿ ತೆರೆದಿದೆ. ಲಾರಿಯನ್ನು ಎತ್ತುಗಳು ಎಳೆದು ಮೇಲೆತ್ತಿದವು. ಅದಕ್ಕೆ ಪ್ರಾಸ ಹಾಕಿ ರೇಡಿಯೋದಲ್ಲಿ ಓದಿದೆ:

ಹಾದಿ ಜಾರಿತ್ತು, ಲಾರಿ ಹಳ್ಳ ಸೇರಿತ್ತು;
ಎತ್ತು ಎಳೆದಿತ್ತು, ಮಾಲೀಕನ ಬಾಯಿ ಮುಚ್ಚಿತ್ತು.

"ಪರವಾಗಿಲ್ಲ," ಎಂದರು ನೋಲ್ಫಾ. ಇಷ್ಟು ದಿನಕ್ಕೆ ಇದೇ ದೊಡ್ಡ ಬಹುಮಾನ.

ಮಾಟೆ ಬುರುಡೆಯನ್ನು ಅವರ ಕೈಗೆ ಕೊಡುತ್ತಾ ಕೇಳಿದೆ: "ಇಲ್ಲಿ ಹೂ ಬಂದು, ಮೇಲೂ ಬಂದ ಮೇಲೆ... ವಾಪಸ್ ಹೋಗಲೇಬೇಕಾ?"

ಬುರುಡೆ ಖಾಲಿಯಾಗುವವರೆಗೂ ಕುಡಿದರು.

"ತೀರ್ಮಾನ ಆಗಿದೆಯಾ ಅಂತ ಕೇಳ್ತಿದ್ದೀರಾ?"

"ಹೌದು."

"ಇನ್ನೂ ಇಲ್ಲ."

ನಗುತ್ತಾ ಹೇಳಿದರೋ ಇಲ್ಲವೋ, ಆ ಒಡೆದ ಹಲ್ಲು ಕಾಣಿಸಲಿಲ್ಲ. ಹಾಗಾಗಿ ವರದಿ ಅಪೂರ್ಣ.

ಅಕ್ಟೋಬರ್ 19, ಗುರುವಾರ

ಬೆಳಿಗ್ಗೆ ಹತ್ತರ ಬಿಸಿಲು. ಅಂಗಳದಲ್ಲಿ ನೋಲ್ಫಾ ಕರೆದರು, ಮೆಲ್ಲನೆ, ಮಗು ಮಲಗಿರುವ ಮನೆಯಲ್ಲಿ ಕರೆಯುವ ಹಾಗೆ.

"ಬನ್ನಿ ಇಲ್ಲಿ. ಕಾಲು ನೋಡಿ."

ಗೂಡಿನ ಬಾಯಲ್ಲಿ ಇಳಿಯುತ್ತಿದ್ದ ಹುಳುಗಳ ಹಿಂಗಾಲಿಗೆ ಕಿತ್ತಳೆ ಬಣ್ಣದ ಪರಾಗದ ಉಂಡೆ. ಒಂದಕ್ಕಲ್ಲ, ಬರುತ್ತಿದ್ದ ಎಲ್ಲಕ್ಕೂ.

"ಎಲ್ಲಿಂದ ತಂದ್ವು?"

"ನಿಮ್ಮ ರೇಡಿಯೋಗಿಂತ ಮುಂಚೆ ನನ್ನ ಹುಡುಗಿಯರಿಗೆ ಗೊತ್ತಾಗಿದೆ. ಬನ್ನಿ ಹೋಗೋಣ."

ಹುಳುಗಳು ಹಾರುವ ದಿಕ್ಕು ಹಿಡಿದು ಹೋದೆವು. ಬೇಲಿ ಹಾರಿದೆವು. ಅಂದರೆ ಅವರು ಹಾರಿದರು, ನಾನು ಸಿಕ್ಕಿಹಾಕಿಕೊಂಡೆ. ಪುಟ್ಟ ವಿಮಾನ ಇಳಿಯುವ ಹುಲ್ಲುಬಯಲು. ಸುತ್ತ ಗೋಡೆಯಿಲ್ಲ, ಒಲೆಯಿಲ್ಲ, ಬೂದಿಯಿಲ್ಲ. ಆ ತುದಿಯಿಂದ ಈ ತುದಿಯವರೆಗೆ ಹಳದಿ. ನಿನ್ನೆ ಇರಲಿಲ್ಲ. ಒಂದೇ ಬೆಳಗಿನಲ್ಲಿ ಅರಳಿದೆ.

ನೋಲ್ಫಾ ಬಗ್ಗಿ ಅಂಗೈಯನ್ನು ಮಣ್ಣಿಗೆ ಇಟ್ಟರು. ನನ್ನ ಕೈಯನ್ನೂ ಹಿಡಿದು ಪಕ್ಕದಲ್ಲಿ ಇಟ್ಟರು. ನೆಲ ತಣ್ಣಗಿತ್ತು.

"ಇದು ನಿಜವಾದದ್ದು," ಎಂದರು.

ಕೈ ತೆಗೆಯಬೇಕೆಂದು ಇಬ್ಬರಿಗೂ ಹೊಳೆಯಲಿಲ್ಲ ಸ್ವಲ್ಪ ಹೊತ್ತು. ಹುಳುಗಳು ಹೂವಿನೊಳಗೆ ಹೊರಳಾಡುತ್ತಿದ್ದವು, ಮೈಗೆಲ್ಲ ಹಿಟ್ಟು ಮೆತ್ತಿಕೊಂಡು, ಬೇಕರಿಯ ಅತ್ತೆಯ ಹಾಗೆ.

ಒಂದು ಗಂಟೆಗೆ ಓದಿದೆ. ಊರು ಎರಡನೇ ಸಲ ಬಾಗಿಲು ತೆರೆದಿಟ್ಟಿತು. "ಈ ಸಲ ಮುಟ್ಟಿ ನೋಡಿದ್ಯೇನಪ್ಪಾ?" ಎಂದು ಬೀದಿಯಲ್ಲಿ ಮೂರು ಜನ ಕೇಳಿದರು. ಮುಟ್ಟಿದೆ ಎಂದೆ. ಏನನ್ನು ಎಂದು ಕೇಳಲಿಲ್ಲ ಪುಣ್ಯಕ್ಕೆ. ಸಂಜೆ ಎಲ್ಲರ ಮನೆಯಲ್ಲೂ ಸಿಂಹದಹಲ್ಲಿನ ಎಳೆ ಎಲೆಗಳ ಪಚಡಿ, ನಿಂಬೆ ಹಿಂಡಿ, ಬೇಯಿಸಿದ ಮೊಟ್ಟೆ ಹೆಚ್ಚಿಹಾಕಿ. ಅತ್ತೆ ಹೂವನ್ನು ಹಿಟ್ಟಿನಲ್ಲಿ ಅದ್ದಿ ಕರಿದು ಕಳಿಸಿದರು. ಎರಡು ತಟ್ಟೆ ಕಳಿಸಿದರು. ನನ್ನ ಮನೆಯಲ್ಲಿ ಇರುವವನು ಒಬ್ಬನೇ ಎಂಬುದು ಅವರಿಗೆ ಗೊತ್ತಿದೆ.

ತಂಗಿಗೆ ಫೋನ್ ಮಾಡಿ ಬಯಲಿನ ವಿಷಯ ಹೇಳಿದೆ. "ಅಲ್ಲಿ ಹೂವಿಗೆ ಋತು ಗೊತ್ತು," ಎಂದಳು. "ನಿನಗೆ ಗೊತ್ತಾಗೋದು ಯಾವಾಗ?"

ಅಕ್ಟೋಬರ್ 27, ಶುಕ್ರವಾರ. ಹನ್ನೆರಡು ದಾಟಿದೆ

ಮಾನ್ಯ ಅಧ್ಯಕ್ಷರೇ, ಸದಸ್ಯರೇ. ತುರ್ತು ಅಧಿವೇಶನ.

ಮೇಲಣ ಕಣಿವೆಯಲ್ಲೂ ಅರಳಿದೆ ಎಂದು ನಿನ್ನೆ ಸವಾರ ಹೇಳಿದ. ಬೆಳಿಗ್ಗೆ ನೋಲ್ಫಾ ಎತ್ತುಗಳನ್ನು ಗಾಡಿಗೆ ಹೂಡಿದ್ದು ಕಿಟಕಿಯಿಂದ ಕಂಡೆ. ನೋಡಲಿಲ್ಲವೆಂದು ನಟಿಸಿ ರೇಡಿಯೋ ಕೋಣೆಗೆ ಹೋಗಿ ಕೂತೆ. ಹವಾಮಾನಕ್ಕೆ ಪ್ರಾಸ ಹುಡುಕಿದೆ. ಸಿಗಲಿಲ್ಲ. ಬಿಸಿಲಿಗೆ ಪ್ರಾಸ ಹುಡುಕಬೇಕಾದ ಅಗತ್ಯವೇ ಕಾಣಲಿಲ್ಲ.

ನೋಲ್ಫಾ ಬಾಗಿಲು ತೆರೆದರು. ಸಂದೇಶ ಕೊಡಲು ಬರುವ ಎಲ್ಲರಂತೆ ಕಿಂಡಿಯ ಆಚೆ ನಿಂತರು.

"ಸಂದೇಶ ಕೊಡಬೇಕಿತ್ತು."

ಪೆನ್ನು ತೆಗೆದೆ. "ಹೇಳಿ. ಮೇಲಣ ಕಣಿವೆಗಾ?"

"ಅಲ್ಲ. ಇಲ್ಲಿಗೇ."

"ಯಾರಿಗೆ?"

"ಸಂದೇಶ ಓದುವವರಿಗೆ."

ಪೆನ್ನು ನಿಂತಿತು.

"ಬರ್ಕೊಳ್ಳಿ ರೀ, ಹೊರಗೆ ಎತ್ತು ಕಾಯ್ತಿವೆ." ನಿಧಾನವಾಗಿ ಹೇಳಿದರು, ಸವಾರರಿಗೆ ಹೇಳಿಕೊಟ್ಟು ಅಭ್ಯಾಸವಾದವರ ಹಾಗೆ. "ಮೇಲಿಂದ ನನ್ನ ಮಂಚ, ಪಾತ್ರೆ, ಎರಡು ಕುರ್ಚಿ ತರೋಕೆ ಹೋಗ್ತಿದ್ದೀನಿ. ಗೂಡುಗಳು ನಿಮ್ಮ ಅಂಗಳದಲ್ಲೇ ಇರ್ತಾವೆ. ನಾನು ಅತ್ತೆ ಮನೆಗೆ ಬರಬೇಕೋ, ಗೂಡುಗಳ ಹತ್ತಿರ ಬರಬೇಕೋ, ಮಧ್ಯಾಹ್ನ ರೇಡಿಯೋದಲ್ಲಿ ಹೇಳಿ. ಸೇತುವೆ ಹತ್ತಿರದ ಮನೆಯಲ್ಲಿ ನಿಂತು ಕೇಳ್ತೀನಿ. ನೋಲ್ಫಾ."

"ಇದನ್ನ... ಓದಲಾ? ಎಲ್ಲರೂ ಕೇಳ್ತಾರೆ."

"ಬಂದ ಸಂದೇಶ ಬಂದ ಹಾಗೇ ಓದಬೇಕು ಅಲ್ವಾ ನಿಮ್ಮಲ್ಲಿ?" ಹಲ್ಲು ಕಂಡಿತು. "ಪ್ರಾಸ ಬೇಡ."

ಹೋದರು. ಗಾಡಿಯ ಸದ್ದು ಬೇಕರಿ ದಾಟಿತು. ಮನೆಗೆ ಓಡಿಬಂದೆ. ಬಾಗಿಲ ಪಕ್ಕ ಎರಡನೇ ಮೊಳೆ ಹೊಡೆದೆ. ಒಂದು ಬಾಗಿತು, ಇನ್ನೊಂದು ಹೊಡೆದೆ. ಆಮೇಲೆ ಈ ಪುಸ್ತಕ ತೆಗೆದೆ, ಯಾಕೆ ತೆಗೆದೆನೋ.

ಅಧ್ಯಕ್ಷರೇ, ನೀವು ಇಲ್ಲ. ವೇದಿಕೆ ಇಲ್ಲ, ಹಿಂದಿನ ಸಾಲಿಲ್ಲ, ತೂಕಡಿಸುವವರೂ ಇಲ್ಲ. ತಂಗಿ ಹೋದ ಮೊದಲ ಚಳಿಗಾಲದಲ್ಲಿ ನಿಮ್ಮನ್ನು ಕಟ್ಟಿಕೊಂಡೆ. ಅರ್ಧ ಗಂಟೆ ಇಡೀ ಕಣಿವೆಗೆ ಓದಿ ಮನೆಗೆ ಬಂದರೆ ಒಲೆ ಬಿಟ್ಟು ಯಾರೂ ಮಾತಾಡುತ್ತಿರಲಿಲ್ಲ. ಭಯವಾಗುತ್ತಿತ್ತು. ಅಷ್ಟೆ. ವಸಂತವನ್ನು ಕಾಯುತ್ತಿದ್ದುದೂ ನಿಮಗಾಗಿ ಅಲ್ಲ, ಶಾಸ್ತ್ರಕ್ಕಾಗಿ ಅಲ್ಲ.

ಒಂದು ಗಂಟೆ ಆಗುತ್ತಾ ಬಂತು. ಅವರು ಈಗ ಸೇತುವೆ ಮುಟ್ಟಿರುತ್ತಾರೆ. ಏನು ಹೇಳಬೇಕೆಂದು ಗೊತ್ತಿದೆ. ಎರಡೇ ಮಾತು, ಪ್ರಾಸವಿಲ್ಲದ್ದು. ಮೊದಲನೆಯದು: ಗೂಡುಗಳ —